ಚಿತ್ರಕ್ಕೆ ಕೂತ ಮನೆ

"ಮೆತ್ತಗೆ ಕಣ್ರೋ, ಬಾಗಿಲಿಗೆ ತಗುಲುತ್ತೆ," ಎಂದು ಪಕ್ಕದ ಮನೆಯ ಗೇಲಾ ಗದರಿಸಿದಳು. ಹೊತ್ತವರು ಶವಪೆಟ್ಟಿಗೆಯನ್ನು ನಡುಮನೆಗೆ ತಂದು ಮುಕ್ಕಾಲಿಗಳ ಮೇಲೆ ಇಳಿಸಿ, ಪಾದ್ರಿಗೆ ಕಾಯುತ್ತ ಅಂಗಳಕ್ಕೆ ಹೋದರು.

ಮಾರ್ಟ್‌ಲೀಸ್ ಕಪ್ಪು ಟೋಪಿ, ಕಪ್ಪು ಲಂಗ ತೊಟ್ಟು ಪೆಟ್ಟಿಗೆಯಲ್ಲಿ ಮಲಗಿದ್ದಳು. ಶ್ವಾಲ್ಮ್ ಹೊಳೆಯ ಊರುಗಳಲ್ಲಿ ಕನ್ಯೆಗೆ ಕೆಂಪು, ಮದುವೆಯಾದವಳಿಗೆ ಹಸಿರು, ಮನೆಯಲ್ಲಿ ಸಾವು ಕಂಡವಳಿಗೆ ಕಪ್ಪು. ಅವಳು ಮಗಳ ಮದುವೆಯಲ್ಲೂ ಕಪ್ಪು ಬಿಟ್ಟಿರಲಿಲ್ಲ.

ಗೇಲಾ ಗೋಡೆಯ ಮೇಲಿನ ಅಚ್ಚಿನ ಪಟ ನೋಡಿದಳು; ಅದರಲ್ಲಿ ಹರೆಯದ ಮಾರ್ಟ್‌ಲೀಸ್ ಕೆಂಪು ಟೋಪಿಯಲ್ಲಿ ಕೂತಿದ್ದಳು. "ಗಂಡ, ತೊಟ್ಟಿಲು, ಮುಖದ ತುಂಬ ನಗು. ಪುಣ್ಯವಂತೆ."

"ಹೌದೌದು, ಹೆತ್ತ ಕನ್ಯೆ," ಎಂದು ಹಿಂದಿನಿಂದ ಯಾರೋ ಕಿಸಕ್ಕೆಂದರು.

ಗಂಡ ಹೆನ್ನರ್ ಕೇಳಿಸದವನಂತೆ ನಿಂತಿದ್ದ. ಮಗಳು ಆನ್‌ಗ್ರೇಟ್ ಹತ್ತಿರ ಬಂದಳು.

"ಅಪ್ಪಾ, ಆ ಪಟದ ಚಿತ್ರಕಾರ ಬಂದಿದಾರೆ. ಬಣ್ಣ ಗಿಣ್ಣ ಎಲ್ಲ ತಂದಿದಾರೆ. ಅಮ್ಮ ಏನಂದಿದ್ಲು, ನೆನಪಿದೆ ತಾನೆ?"

"ಇದೆ."

ಹಾಸಿಗೆ ಹಿಡಿದವಳು ಕೇಳಿದ್ದು ಒಂದೇ ಒಂದು. "ನಾನು ಸತ್ತ ಮೇಲೆ ಆ ಮನುಷ್ಯನ ಮುಂದೆ ನನ್ನ ಇಡಬೇಡಿ."

* * *

ಆನ್‌ಗ್ರೇಟ್ ಇನ್ನೂ ಚಿಕ್ಕವಳು; ಅವಳ ಬೆನ್ನಿಗೆ ಹುಟ್ಟಿದ ಕೂಸನ್ನು ಮಣ್ಣು ಮಾಡಿ ತಿಂಗಳೂ ತುಂಬಿರಲಿಲ್ಲ. ಬೇಸಿಗೆ ಕಳೆಯಲು ಪಟ್ಟಣದಿಂದ ಬಂದ ಚಿತ್ರಕಾರ ಲೋರಿಂಗ್, ಇಡೀ ಊರಲ್ಲಿ ಇವರ ಮನೆಯನ್ನೇ ಮೆಚ್ಚಿದ. ಹೆಮ್ಮೆಯಿಂದ ಹೆನ್ನರನ ಕಾಲು ನೆಲದ ಮೇಲಿರಲಿಲ್ಲ.

"ಕಪ್ಪಿದ್ರೆ ಚಿತ್ರ ಮಂಕಾಗುತ್ತೆ. ಕೆಂಪು ಟೋಪಿ ಇಲ್ವೇನಮ್ಮ?" ಎಂದ ಲೋರಿಂಗ್.

"ಇದೆ ಧಣಿ," ಎಂದು ಹೆನ್ನರನೇ ಪೆಟಾರಿಯಿಂದ ತೆಗೆದು ತಂದ.

"ಮಗು ಹೋಗಿದೆ ಕಣ್ರೀ. ಅಲ್ಲದೆ ಅದು ಕನ್ಯೇರು ಹಾಕೋದು," ಎಂದು ಅವಳು ಗಂಡನಿಗೆ ಮೆಲ್ಲಗೆ ಹೇಳಿದಳು.

"ಪಟ್ಟಣದವರಿಗೆ ಅದೆಲ್ಲ ಏನು ಗೊತ್ತು? ಸುಮ್ನೆ ಕೂತ್ಕೋ."

ಸತ್ತ ಕೂಸಿನ ತೊಟ್ಟಿಲಿಗೆ ಗೇಲಾಳ ಕೂಸನ್ನು ಎರವಲು ತಂದು ಮಲಗಿಸಿದರು. ನಗು ಎಂದರು, ನಕ್ಕಳು. ಊರು ಆ ಟೋಪಿಯನ್ನು ಆಡಿಕೊಂಡು ದಣಿಯಲಿಲ್ಲ. ಆಮೇಲೆ ಅವಳು ಹಸು ಕರೆದಳು, ರೊಟ್ಟಿ ಸುಟ್ಟಳು, ಒಂದು ಬಿರುಸು ಮಾತೂ ಆಡಲಿಲ್ಲ. ಆದರೆ ಹೆನ್ನರನ ಕೈಯನ್ನು ಮಾತ್ರ ಮೈಗೆ ತಾಗಗೊಡಲಿಲ್ಲ. ಅವನ ಯೌವನ, ಅವಳ ಯೌವನ ಎರಡೂ ಒಂದೇ ಸೂರಿನಡಿ ಬೇರೆ ಬೇರೆಯಾಗಿ ಮುಗಿದವು.

* * *

ಲೋರಿಂಗ್ ಈಗ ಹಣ್ಣು ಮುದುಕ. ಟೋಪಿ ತೆಗೆದು ತಲೆ ಬಾಗಿದ. ಅವನ ದುಃಖ ನಟನೆಯದಲ್ಲ. ಆದರೂ ಕಣ್ಣು ಕಿಟಕಿಯ ಕಡೆಗೇ ಹೋಯಿತು.

"ಇಂಥ ಬೆಳಕು ಮತ್ತೆ ಸಿಗಲ್ಲ ಹೆನ್ನರ್. ಸ್ವಲ್ಪ ಹೊತ್ತು."

ಯಾರೂ ಹೇಳುವ ಮೊದಲೇ ಹೆಂಗಸರು ಮಡಿಲುಬಟ್ಟೆ ಸರಿಮಾಡಿಕೊಂಡು ತಲೆ ತಗ್ಗಿಸಿದರು. ಬೇಸಿಗೆ ಬೇಸಿಗೆಗೂ ಅವನ ಚಿತ್ರಕ್ಕೆ ನಿಂತು ನಿಂತು ಊರಿಗೆ ಊರೇ ಪಳಗಿತ್ತು.

"ಆಗಲ್ಲ ಅನ್ನು, ಅಪ್ಪಾ," ಎಂದಳು ಆನ್‌ಗ್ರೇಟ್.

ಹೆನ್ನರ್ ಬಾಯಿ ತೆರೆದ. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಎಲ್ಲಿ ನಿಲ್ಲಲಿ, ಧಣಿ?"

ಮಗಳು ಅವನ ಮುಖವನ್ನೊಮ್ಮೆ ನೋಡಿ ಹೊರಗೆ ನಡೆದಳು.

"ಅಲ್ಲೇ. ಕೈ ಅವಳ ಹಣೆ ಮೇಲಿಡು."

ಇಟ್ಟ. ಹಣೆ ತಣ್ಣಗಿತ್ತು. ಅವಳು ಕೈ ತಳ್ಳಲಿಲ್ಲ. ಹೆನ್ನರನ ಭುಜ ನಡುಗತೊಡಗಿತು.

"ಅಲ್ಲಾಡಬೇಡ," ಎಂದ ಲೋರಿಂಗ್.

ಇಗರ್ಜಿಯ ಗಂಟೆ ಹೊಡೆಯಿತು. ಹೊರುವವರು ಬಂದು ಹೊಸ್ತಿಲಲ್ಲೇ ನಿಂತರು. ಹೆನ್ನರ್ ಉಸಿರು ಬಿಗಿಹಿಡಿದು, ಅಲ್ಲಾಡದೆ ನಿಂತಿದ್ದ.