ಒಟ್ಟಿಗೆ ಬಂದ ವರ್ಷಗಳು

ಮಾರ್ಲಿಸ್ ಹೌಟಲಾ ಬಹಳ ಕಾಲ ನಮ್ಮೂರಿನ ಶಾಲಾ ಬಸ್ಸು ಓಡಿಸಿದವಳು. ಉತ್ತರ ಮಿನೆಸೋಟಾದ ಚಳಿಗಾಲ, ಬೆಳಗಿನ ಕತ್ತಲು, ಹಿಮ ಗಟ್ಟಿಯಾದ ರಸ್ತೆ. ಆ ಕೆಲಸ ಅವಳಿಗೆ ಎಂದೂ ಬೇಸರ ತಂದಿರಲಿಲ್ಲ. ಐವತ್ತು ದಾಟಿದ ಮೇಲೆ ಕೀಲುಗಳು ಊದಿಕೊಳ್ಳತೊಡಗಿದವು. ಮೊದಲು ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಸೊಂಟ. ಒಂದು ಬೆಳಿಗ್ಗೆ ಸ್ಟೀರಿಂಗ್ ತಿರುಗಿಸುವಾಗ ಕೈ ಸೋತು ಬಸ್ಸು ರಸ್ತೆ ಬದಿಯ ಹಿಮದ ಗುಡ್ಡೆಗೆ ನುಗ್ಗಿ ನಿಂತಿತು. ಮಕ್ಕಳಿಗೆ ಏನೂ ಆಗಲಿಲ್ಲ. ಸಂಜೆ ಅವಳೇ ಹೋಗಿ ಬಸ್ಸಿನ ಕೀಲಿ ಒಪ್ಪಿಸಿ ಬಂದಳು.

ಸರ್ಕಾರದ ಅಂಗವೈಕಲ್ಯ ಭತ್ಯೆಗೆ ಅರ್ಜಿ ಹಾಕಿದಳು. ತಿರಸ್ಕಾರವಾಯಿತು. ಮತ್ತೆ ಕೇಳಿದಳು, ಮತ್ತೆ ಅದೇ ಉತ್ತರ. ಕೊನೆಗೆ ವಕೀಲನೊಬ್ಬನನ್ನು ಹಿಡಿದು ನ್ಯಾಯಾಧೀಶರ ಮುಂದೆ ವಿಚಾರಣೆ ಕೋರಿದಳು. ಅದರ ಸರದಿ ಬರುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಅದರಲ್ಲಿ ಹೆಚ್ಚಿನ ಕಾಲ ಅವಳ ಗಂಡ ವೆರ್ಲಿನ್ ಕೂಡ ಮನೆಯಲ್ಲೇ ಇದ್ದ. ಕಬ್ಬಿಣದ ಬೆಲೆ ಬಿದ್ದು ಅವನು ಕೆಲಸ ಮಾಡುತ್ತಿದ್ದ ಗಣಿ ನಿಂತಿತ್ತು. ನಿರುದ್ಯೋಗ ಭತ್ಯೆ ಮುಗಿದ ಮೇಲೆ ಅವನು ಸೌದೆ ಕಡಿದ, ಊರವರ ಅಂಗಳದ ಹಿಮ ತೆಗೆದ. ಫ್ರೀಜರಿನಲ್ಲಿದ್ದ ಜಿಂಕೆ ಮಾಂಸ ಮತ್ತು ಆಲೂಗಡ್ಡೆಯಲ್ಲಿ ದಿನ ದೂಡಿದರು.

ಗಣಿ ಮತ್ತೆ ತೆರೆದ ಮರುವರ್ಷ ನ್ಯಾಯಾಧೀಶರು ಮಾರ್ಲಿಸ್‌ಳ ಪರವಾಗಿ ತೀರ್ಪು ಕೊಟ್ಟರು. ಅಷ್ಟು ವರ್ಷಗಳ ಬಾಕಿ ಒಟ್ಟಿಗೆ ಬಂತು. ವಕೀಲನ ಪಾಲನ್ನು ಮೊದಲೇ ಮುರಿದುಕೊಂಡಿದ್ದರು. ಉಳಿದದ್ದು ಮನೆ ಸಾಲದ ಕಂತುಗಳಿಗೆ, ಮನೆ ಬಿಸಿಯಿಡುವ ಹೊಸ ಫರ್ನೇಸಿಗೆ, ಮುಂದೂಡುತ್ತಲೇ ಬಂದಿದ್ದ ಅವಳ ಹಲ್ಲುಗಳಿಗೆ ಹೋಯಿತು. ಗಣಿಯಲ್ಲಿ ಜೊತೆಯವರು ವೆರ್ಲಿನ್‌ನನ್ನು ಕಾಡಿದರು. "ಹೆಂಡ್ತಿಗೆ ಲಾಟರಿ ಹೊಡೀತಂತೆ, ಬಿಯರ್ ಕೊಡ್ಸಪ್ಪ" ಎಂದರು. ಅವನು ಕೊಡಿಸಿದ. ಅದು ಲಾಟರಿಯಲ್ಲ ಎಂದು ವಿವರಿಸುವ ಶಕ್ತಿ ಅವನಲ್ಲಿರಲಿಲ್ಲ.

ಜನವರಿಯಲ್ಲಿ ಸರ್ಕಾರದ ಕಾಗದ ಬಂತು. ಬಾಕಿಯ ಪೂರ್ತಿ ಮೊತ್ತ, ವಕೀಲನ ಪಾಲೂ ಸೇರಿ, ಕಳೆದ ಒಂದೇ ವರ್ಷದಲ್ಲಿ ಮಾರ್ಲಿಸ್‌ಗೆ ಸಂದಿದೆ ಎಂದು ಅದರಲ್ಲಿತ್ತು. ಇದಕ್ಕೆ ತೆರಿಗೆ ಉಂಟೇ? ಇಲ್ಲವೇ ಇಲ್ಲ ಎಂದ ಅವಳ ತಮ್ಮ ಡ್ವೇನ್. ಅವನಿಗೆ ಬರುವುದು ಸೈನ್ಯದಲ್ಲಿ ಗಾಯಗೊಂಡದ್ದಕ್ಕೆ ಕೊಡುವ ಹಣ. ಅದಕ್ಕೆ ತೆರಿಗೆಯಿಲ್ಲ, ನಿಜ. ಇದು ಬೇರೆ. ಮಾರ್ಲಿಸ್ ಸಹಾಯವಾಣಿಗೆ ಫೋನ್ ಮಾಡಿ, ಅದರ ಸಂಗೀತ ಕೇಳುತ್ತಾ ಅರ್ಧ ದಿನ ಕಾದು ವಿಷಯ ತಿಳಿದುಕೊಂಡಳು. ದಂಪತಿಯ ಒಟ್ಟು ಆದಾಯ ಒಂದು ಮಿತಿ ದಾಟಿದರೆ ಭತ್ಯೆಗೂ ತೆರಿಗೆ ಬೀಳುತ್ತದೆ. ವೆರ್ಲಿನ್ ಹಿಂದಿನ ಸಾಲ ತೀರಿಸಲೆಂದು ಆ ವರ್ಷವಿಡೀ ಸಿಕ್ಕ ಓವರ್‌ಟೈಮೆಲ್ಲ ಮಾಡಿದ್ದ.

"ಅಂದ್ರೆ ನಾನು ದುಡಿದಿದ್ದೇ ತಪ್ಪಾಯ್ತು," ಎಂದ ವೆರ್ಲಿನ್.

"ಹಾಗಂತ ಯಾರಂದ್ರು? ಫೋನಲ್ಲಿ ಹೇಳಿದ್ದನ್ನ ಹೇಳ್ದೆ."

"ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ."

"ನನ್ನ ಮುಖ ಮೂರು ವರ್ಷದಿಂದ ಹೀಗೇ ಇದೆ, ವೆರ್ಲಿನ್."

ಇಬ್ಬರಿಗೂ ಜಗಳವಾಡುವಷ್ಟು ತ್ರಾಣ ಇರಲಿಲ್ಲ. ವೆರ್ಲಿನ್ ಕಂಪ್ಯೂಟರಿನಲ್ಲಿ ತಾನೇ ಲೆಕ್ಕ ಹಾಕಿ ನೋಡಿದ. ಬಂದ ತೆರಿಗೆ, ಬ್ಯಾಂಕಿನಲ್ಲಿ ಉಳಿದದ್ದಕ್ಕಿಂತ ಹೆಚ್ಚಿತ್ತು. ಅವನು ಕಂಪ್ಯೂಟರ್ ಆರಿಸಿ ಪಾಳಿಗೆ ಹೊರಟ.

ಮಾರ್ಚಿನ ಒಂದು ಶನಿವಾರ ಇಬ್ಬರೂ ಊರ ಗ್ರಂಥಾಲಯಕ್ಕೆ ಹೋದರು. ಅಲ್ಲಿ ಪುಕ್ಕಟೆ ತೆರಿಗೆ ಲೆಕ್ಕ ಮಾಡಿಕೊಡುತ್ತಾರೆ. ಮೇಜಿನ ಹಿಂದೆ ಕೂತಿದ್ದವರು ಶ್ರೀಮತಿ ಬ್ರಾಂಡ್‌ವೋಲ್ಡ್, ಹೈಸ್ಕೂಲಿನಲ್ಲಿ ವೆರ್ಲಿನ್‌ಗೆ ಗಣಿತ ಕಲಿಸಿದವರು. ಅವರನ್ನು ಕಂಡೊಡನೆ ಅವನು ಟೋಪಿ ತೆಗೆದ. ಮನೆಗೆ ಹೋಗೋಣ ಎಂಬಂತೆ ಮಾರ್ಲಿಸ್‌ಳ ಕಡೆ ನೋಡಿದ. ಅವಳಾಗಲೇ ಕುರ್ಚಿಯಲ್ಲಿ ಕೂತಾಗಿತ್ತು, ಮತ್ತೆ ಏಳುವುದು ಸುಲಭವಿರಲಿಲ್ಲ.

ಶ್ರೀಮತಿ ಬ್ರಾಂಡ್‌ವೋಲ್ಡ್ ಕಾಗದಗಳನ್ನೆಲ್ಲ ನಿಧಾನವಾಗಿ ಓದಿದರು. ವೆರ್ಲಿನ್ ದಾರಿಯುದ್ದಕ್ಕೂ ಯೋಚಿಸಿದ್ದನ್ನು ಹೇಳಿದ.

"ಟೀಚರ್, ಇಬ್ಬರ ತೆರಿಗೆ ಲೆಕ್ಕ ಬೇರೆ ಬೇರೆ ಹಾಕ್ಬಿಡಿ. ನನ್ ಸಂಬಳದ್ದು ನಂದು, ಅವಳ ದುಡ್ಡಿಂದು ಅವಳ್ದು. ನನ್ನಿಂದ ಅವಳಿಗೆ ನಷ್ಟ ಬೇಡ."

"ಕಳೆದ ವರ್ಷ ಪೂರ್ತಿ ನೀವಿಬ್ರೂ ಬೇರೆ ಇದ್ರಾ?"

ಮಾರ್ಲಿಸ್ ಹೇಳಿದಳು. "ಒಂದೇ ಮನೆ. ಇವನು ಕೆಳಗೆ ಬೇಸ್‌ಮೆಂಟಲ್ಲಿ ಮಲಗ್ತಾನೆ. ಹಾಸಿಗೆ ಅಲ್ಲಾಡಿದ್ರೂ ನಂಗೆ ತಡೆಯೋಕಾಗಲ್ಲ, ಅದಕ್ಕೆ."

"ಮೆಟ್ಟಿಲು ಲೆಕ್ಕಕ್ಕೆ ಬರಲ್ಲಮ್ಮ," ಎಂದರು ಟೀಚರ್. ಒಂದೇ ಮನೆಯಲ್ಲಿದ್ದು ಬೇರೆ ಬೇರೆ ಸಲ್ಲಿಸಿದರೆ ಆ ಮಿತಿಯ ರಿಯಾಯಿತಿಯೇ ಸಿಗುವುದಿಲ್ಲ, ಇನ್ನೂ ಕೆಡುತ್ತದೆ ಎಂದು ತಿಳಿಸಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಬೇರೊಂದು ದಾರಿಯಿದೆ ಎಂದರು. ಹಣ ಬಂದದ್ದು ಒಂದೇ ವರ್ಷ, ಸೇರಬೇಕಾದದ್ದು ಹಿಂದಿನ ವರ್ಷಗಳಿಗೆ. ಆಯಾ ವರ್ಷದ ಬಾಕಿಯನ್ನು ಆಯಾ ವರ್ಷದ ಆದಾಯದ ಜೊತೆಗಿಟ್ಟು ಲೆಕ್ಕ ಹಾಕುವ ಅವಕಾಶವನ್ನು ಕಾನೂನೇ ಕೊಟ್ಟಿದೆ. ಹಳೆಯ ಲೆಕ್ಕಗಳನ್ನು ತಿದ್ದಬೇಕಾಗಿಲ್ಲ. ಆದರೆ ಆ ವರ್ಷಗಳಲ್ಲಿ ವೆರ್ಲಿನ್ ಎಷ್ಟು ಸಂಪಾದಿಸಿದ್ದ ಎಂಬುದು ಬೇಕು.

ವೆರ್ಲಿನ್ ಟೋಪಿಯನ್ನು ಮೊಣಕಾಲ ಮೇಲಿಟ್ಟು ನೆಲ ನೋಡಿದ. ಆ ವರ್ಷಗಳ ಬಗ್ಗೆ ಅವನು ಮನೆಯಲ್ಲೂ ಮಾತಾಡಿದವನಲ್ಲ. ಮಾರ್ಲಿಸ್ ಹಳೆಯ ತೆರಿಗೆ ಪ್ರತಿಗಳನ್ನು ಚೀಲದಿಂದ ತೆಗೆಯಲು ಹೋದಳು. ಬೆರಳು ಕೇಳಲಿಲ್ಲ. ಅವನೇ ತೆಗೆದು ಮೇಜಿನ ಮೇಲಿಟ್ಟ.

"ಮೊದಲನೇ ವರ್ಷ ವಸಂತದ ತನಕ ಕೆಲಸ ಇತ್ತು," ಎಂದ. "ಎರಡನೇದ್ರಲ್ಲಿ ಏನೂ ಇಲ್ಲ, ಟೀಚರ್. ಸೌದೆ ಮಾರಿದ್ದು, ಅಷ್ಟೇ. ಅದನ್ನೂ ಬರೆಸಿದೀನಿ."

"ಒಳ್ಳೇದು ಮಾಡಿದೆ. ಮೂರನೇದು?"

"ಕ್ರಿಸ್‌ಮಸ್ ಹತ್ರ ವಾಪಸ್ ಕರೆದ್ರು."

ಅವರು ಬರೆದುಕೊಂಡರು. ಆಮೇಲೆ ಮಾರ್ಲಿಸ್‌ಳ ಕಡೆ ತಿರುಗಿ, ಬಾಕಿಯಲ್ಲಿ ಯಾವ ವರ್ಷಕ್ಕೆ ಎಷ್ಟು ಎಂದು ಕೇಳಿದರು. ಅದು ಸರ್ಕಾರದ ಕಾಗದದಲ್ಲೇ ಇತ್ತು. ಮಾರ್ಲಿಸ್ ಮಾತ್ರ ಬೇರೆಯದನ್ನು ಹೇಳತೊಡಗಿದಳು. ಮೊದಲ ವರ್ಷ ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ, ಎರಡನೆಯ ವರ್ಷ ಇವನೇ ತಲೆ ಬಾಚುತ್ತಿದ್ದ, ಒಮ್ಮೆ ಸ್ನಾನದ ತೊಟ್ಟಿಯಿಂದ ಏಳಲಾಗದೆ ಇವನು ಯಾರದೋ ಮನೆಗೆ ಸೌದೆ ಹಾಕಿ ಬರುವತನಕ ತಣ್ಣಗಾದ ನೀರಿನಲ್ಲೇ ಕೂತಿದ್ದಳು. ಶ್ರೀಮತಿ ಬ್ರಾಂಡ್‌ವೋಲ್ಡ್ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದರು. ಟೀಚರ್ ಅವಸರ ಮಾಡಲಿಲ್ಲ.

ಲೆಕ್ಕ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಕೆಲಸವಿಲ್ಲದ ವರ್ಷಗಳ ಬಾಕಿಗೆ ತೆರಿಗೆ ಬೀಳಲೇ ಇಲ್ಲ. ಆ ವರ್ಷಗಳಲ್ಲಿ ಅವರು ಅಷ್ಟು ಬಡವರಾಗಿದ್ದರು. ವೆರ್ಲಿನ್ ದುಡಿದ ಕಳೆದ ವರ್ಷದ ಪಾಲಿಗೆ ಬಿತ್ತು. ವಕೀಲನ ಪಾಲನ್ನು ಕಳೆಯಲು ಈಗಿನ ಕಾನೂನಿನಲ್ಲಿ ದಾರಿಯಿರಲಿಲ್ಲ. ಒಟ್ಟು ತೆರಿಗೆ, ವೆರ್ಲಿನ್ ಕಂಪ್ಯೂಟರಿನಲ್ಲಿ ಕಂಡಿದ್ದ ಮೊತ್ತದ ಅರ್ಧಕ್ಕಿಂತ ಕಡಿಮೆಗೆ ಬಂತು. ಕಂತಿನಲ್ಲಿ ಕಟ್ಟಬಹುದು, ಮುಂದೆ ತಿಂಗಳ ಭತ್ಯೆಯಲ್ಲೇ ತೆರಿಗೆ ಹಿಡಿಸಿಕೊಂಡರೆ ಹೀಗೆ ಒಮ್ಮೆಲೇ ತಲೆ ಮೇಲೆ ಬೀಳುವುದಿಲ್ಲ ಎಂದರು ಟೀಚರ್. ಮಾರ್ಲಿಸ್ ಎರಡಕ್ಕೂ ಸಹಿ ಹಾಕಿದಳು.

ಕಾರಿನಲ್ಲಿ ಕೂತ ಮೇಲೆ ವೆರ್ಲಿನ್ ಕೀಲಿ ತಿರುಗಿಸಲಿಲ್ಲ. ಗಾಜಿನ ಮೇಲೆ ಹಿಮ ಸಣ್ಣಗೆ ಬೀಳುತ್ತಿತ್ತು.

"ಆ ಎರಡು ವರ್ಷ ನಾನು ಯಾವ ಪ್ರಯೋಜನಕ್ಕೂ ಬರ್ಲಿಲ್ಲ ಅಂದ್ಕೊಂಡಿದ್ದೆ," ಎಂದ.

"ಟೀಚರ್‌ಗೆ ಹೇಳಿದ್ನಲ್ಲ, ಕೇಳ್ಲಿಲ್ವಾ? ತಲೆ ಬಾಚಿದ್ದು ಯಾರು?"

"ಕೆಟ್ಟದಾಗಿ ಬಾಚ್ತಿದ್ದೆ."

"ಬಹಳ ಕೆಟ್ಟದಾಗಿ," ಎಂದಳು ಮಾರ್ಲಿಸ್. ಅವಳ ಕಣ್ಣು ಆಗಲೇ ಮುಚ್ಚುತ್ತಿತ್ತು.

ತೆರಿಗೆ ಮುಗಿಯಲು ಮರುವರ್ಷದ ಬೇಸಿಗೆ ಬಂತು. ಕೊನೆಯ ಕಂತು ಕಟ್ಟಿದ ದಿನ ಹೊರಗೆ ಊಟಕ್ಕೆ ಹೋಗೋಣವೆಂದು ಮಾತಾಗಿತ್ತು. ವೆರ್ಲಿನ್‌ಗೆ ಎರಡನೇ ಪಾಳಿ ಬಂತು, ಮಾರ್ಲಿಸ್‌ಗೆ ಸೊಂಟ ಹಿಡಿದಿತ್ತು. ಹೋಗಲಿಲ್ಲ. ಮುಂದಿನ ಶುಕ್ರವಾರ ಹೋದರು. ಕರಿದ ಮೀನು ಸ್ವಲ್ಪ ಸೀದಿತ್ತು. ಇಬ್ಬರೂ ತಟ್ಟೆ ಖಾಲಿ ಮಾಡಿ, ಕತ್ತಲಾಗುವ ಮುಂಚೆ ಮನೆಗೆ ಬಂದರು.