ಹೆಸೆಲ್ ದೊರೆಯ ಬಗ್ಗೆ ಎರಡು ಅರ್ಜಿ

ಅಸುಕ್ರೊಮ್ ಕಚೇರಿಯಲ್ಲಿ ನಾನು ಗುಮಾಸ್ತ, ದುಭಾಷಿ, ಅರ್ಜಿ ಬರೆಯುವವ, ಮೂರೂ ಆಗಿದ್ದೆ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಆಫ್ರಿಕಾದ ಗೋಲ್ಡ್ ಕೋಸ್ಟಿನ ಉದ್ದಕ್ಕೂ ಹೆಸರಿತ್ತು. ಆ ಮುತ್ತಿಗೆ ಬೆಂಕಿ ಬೀಳಲಿ.

ಹೆಸೆಲ್ ದೊರೆ ಹತ್ತೊಂಬತ್ತು ವರ್ಷ ನಮ್ಮ ಜಿಲ್ಲೆಯನ್ನು ಆಳಿದರು. ರಸ್ತೆ ಹಾಕಿಸಿದರು, ಗಡಿಜಗಳ ಬಿಡಿಸಿದರು, ಅದೆಷ್ಟೋ ಜನರನ್ನು ಜೈಲಿಗೂ ಅಟ್ಟಿದರು. ಅವರ ಹೆಂಡತಿ ಈಡಿತ್ ಇಂಗ್ಲೆಂಡಿನಲ್ಲಿ ಕ್ಷಯ ಹಿಡಿದು ಮಲಗಿದ್ದರು. ಹೆಚ್ಚೆಂದರೆ ಒಂದು ವರ್ಷ ಎಂದಿದ್ದರು ವೈದ್ಯರು. ದೊರೆ ನಿವೃತ್ತಿ ಕೇಳಿದರು. ಒಪ್ಪಿಗೆ ಬಂತು, ಹಡಗಿನ ಟಿಕೆಟ್ಟೂ ಬಂತು.

ಸುದ್ದಿ ನಮ್ಮ ಊರ ಅರಸ ನಾನಾ ಕ್ವಾರ್ಟೆಂಗ್ ಅವರಿಗೆ ಮುಟ್ಟಿತು. ನಮ್ಮಲ್ಲಿ ಹೊರಟು ನಿಂತವರನ್ನು 'ಸರಿ, ಹೋಗಿ' ಎಂದು ಕಳಿಸಿದರೆ ಬೈದ ಹಾಗೆ. ಅತ್ತು ಕರೆದು ತಡೆಯಬೇಕು, ಅವರು ಒಪ್ಪದೆ ಹೊರಡಬೇಕು. ಅದೇ ಮರ್ಯಾದೆ.

“ಲೋ ಅಸರೆ, ದೊಡ್ಡ ಕಚೇರಿಗೆ ಬರಿಯೋ. ಇವ್ರು ಹೋದ್ರೆ ನಾವು ತಬ್ಬಲಿ ಆಗ್ತೀವಿ ಅಂತ. ಜಿಪುಣತನ ಮಾಡ್ಬೇಡ, ಚೆನ್ನಾಗಿ ಅಳು!”

ಮೂರು ಪುಟ ತುಂಬ ಅತ್ತೆ. ರಾಜಧಾನಿಯಲ್ಲಿ ಕುಳಿತವರಿಗೆ ನಮ್ಮ ಮರ್ಯಾದೆ ಏನು ಗೊತ್ತು? ಓದಿ ಹಿಗ್ಗಿದರು. ಜನ ಇಷ್ಟು ಪ್ರೀತಿಸುವ ಅಧಿಕಾರಿಯನ್ನು ಬಿಡುವುದುಂಟೆ? ನಿವೃತ್ತಿ ಎರಡು ವರ್ಷ ಮುಂದಕ್ಕೆ ಹೋಯಿತು. ರಾಜೀನಾಮೆ ಕೊಟ್ಟರೆ ಪಿಂಚಣಿ ಇಲ್ಲ. ಪಿಂಚಣಿ ಇಲ್ಲದಿದ್ದರೆ ಈಡಿತಮ್ಮನಿಗೆ ಆಸ್ಪತ್ರೆ ಇಲ್ಲ.

ದೊರೆ ಆದೇಶ ಹಿಡಿದುಕೊಂಡು ನಾನಾ ಅವರ ಅಂಗಳಕ್ಕೇ ಬಂದರು.

“ನಾನಾ, ಈ ಮನುಷ್ಯ ನಮಗೆ ಬೇಡ ಅಂತ ಬರೆಸಿ.”

“ಅಯ್ಯೋ, ಏನಂತ ಬರೆಸ್ಲಿ? ಕಾರಣ ಬೇಡ್ವಾ?”

“ಸಿಡುಕ, ಹಿರಿಯರಿಗೆ ಮರ್ಯಾದೆ ಕೊಡಲ್ಲ ಅನ್ನಿ.”

“ನೀವಾ? ನಮ್ಮಮ್ಮ ಸತ್ತಾಗ ಮೂರು ದಿನ ಇಲ್ಲೇ ಬರಿಗಾಲಲ್ಲಿ ಕೂತಿದ್ದೋರು! ನನ್ನ ನಾಲಿಗೆ ಬಿದ್ದು ಹೋಗುತ್ತೆ ಸ್ವಾಮಿ.”

ದೊರೆ ಜೇಬಿನಿಂದ ಈಡಿತಮ್ಮನ ಕಾಗದ ತೆಗೆದು ನಮ್ಮ ಭಾಷೆಯಲ್ಲೇ ಓದಿ ಹೇಳಿದರು. ಹಡಗು ಯಾವತ್ತು ಬರುತ್ತೆ ಎಂಬುದೊಂದೇ ಅದರಲ್ಲಿದ್ದ ಪ್ರಶ್ನೆ. ನಾನಾ ಕಣ್ಣೊರೆಸಿಕೊಂಡು ಹೆಬ್ಬೆಟ್ಟು ಚಾಚಿದರು. ತಮ್ಮ ಮೇಲಿನ ದೂರನ್ನು ದೊರೆಯೇ ಹೇಳಿ ಬರೆಸಿದರು. ಒಳ್ಳೆಯ ಮನುಷ್ಯನ ಮೇಲೆ ಸುಳ್ಳು ಬರೆಯುವಾಗ ನನಗೆ ನಾಚಿಕೆಯಾಯಿತು.

ತಿಂಗಳ ಮೇಲೆ ಉತ್ತರ ಬಂತು. ದೂರು ಗಂಭೀರವಾದದ್ದು, ವಿಚಾರಣೆ ಮುಗಿಯುವ ತನಕ ಅಧಿಕಾರಿ ಜಿಲ್ಲೆ ಬಿಟ್ಟು ಕದಲುವಂತಿಲ್ಲ.

ವಿಚಾರಣೆಯ ಐದನೆಯ ತಿಂಗಳು ತಂತಿ ಬಂತು. ಅದನ್ನು ಒಡೆದು ಓದಿದವನೂ ನಾನೇ. ಈಡಿತಮ್ಮ ತೀರಿಕೊಂಡಿದ್ದರು. ನಾನಾ ಸಾವಿನ ಕೆಂಪು ಬಟ್ಟೆ ಹೊದ್ದು ಬಂದು ಕಚೇರಿಯ ಜಗಲಿಯಲ್ಲಿ ಮೂರು ದಿನ ಕೂತರು.

ಏಳನೆಯ ತಿಂಗಳು ತೀರ್ಪು ಬಂತು. ದೂರು ಸುಳ್ಳು, ಹೆಂಡತಿ ತೀರಿಕೊಂಡ ಕನಿಕರಕ್ಕೆ ಹೆಚ್ಚುವರಿ ಎರಡು ವರ್ಷವೂ ರದ್ದು.

“ದೊರೆ, ಬಿಡುಗಡೆ ಆಯ್ತು. ಈಗ್ಲೇ ಹೊರಡಬಹುದಂತೆ.”

ಅವರು ಕಾಗದವನ್ನು ಎರಡು ಸಲ ಓದಿದರು.

“ಯಾರ ಹತ್ರಕ್ಕೆ ಹೋಗ್ಲಿ, ಅಸರೆ?”

ಆಮೇಲೆ ಅಂದಿನ ಮೊದಲ ಮೊಕದ್ದಮೆ ಕೂಗಿಸಲು ಹೇಳಿದರು.