ಎಡಕ್ಕೆ ಸುತ್ತಿದ ನೀಲಿ

ಪಟ್ಟಿ ಬಿಚ್ಚಿದ ಮೇಲೆ ಅಕ್ಕ ಮೊದಲು ನೋಡಿದ್ದು ಗೋಡೆಯನ್ನು. ಡಾಕ್ಟರ ಮುಖವನ್ನಲ್ಲ, ನರ್ಸಿನ ಮುಖವನ್ನಲ್ಲ, ಬೆಳಗಿನಿಂದ ಅವಳ ಚೀಲ, ಚಪ್ಪಲಿ, ಹಳೆಯ ಕನ್ನಡಕ ಎಲ್ಲವನ್ನೂ ಹಿಡಿದುಕೊಂಡು ನಿಂತಿದ್ದ ತಂಗಿಯ ಮುಖವನ್ನಂತೂ ಅಲ್ಲವೇ ಅಲ್ಲ.

"ಈ ಗೋಡೆ ನೀಲಿನಾ?" ಅಂದಳು.

ನರ್ಸ್ ನಕ್ಕು, ಮೊದಲಿಂದಲೂ ನೀಲಿಯೇ ಎಂದಳು. ಹೋದ ವಾರ ಇದೇ ಕುರ್ಚಿಯಲ್ಲಿ ಕೂತು, ಕಣ್ಣಿನ ಆಸ್ಪತ್ರೆಗೆ ಯಾರಾದರೂ ಬೂದಿ ಬಣ್ಣ ಬಳಿಯುತ್ತಾರೆಯೇ ಎಂದು ಅಕ್ಕ ಮೂಗು ಮುರಿದಿದ್ದಳು. ಈಗ ಅವಳು ಗೋಡೆಯನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಪೊರೆ ತೆಗೆಸಿಕೋ, ತೆಗೆಸಿಕೋ ಎಂದು ಒಂದು ವರ್ಷ ಅಕ್ಕನ ತಲೆ ತಿಂದವಳು ತಂಗಿಯೇ. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಆ ಸಂತೋಷ ಇನ್ನೂ ಗಂಟಲಿಗೆ ಬರುವ ಮೊದಲೇ ಭಯ ಬಂದು ಅದರ ಪಕ್ಕದಲ್ಲಿ ಕೂತಿತು. ಅಕ್ಕ ಇನ್ನು ಮನೆಗೆ ಹೋಗುತ್ತಾಳೆ, ಮಣಿಗಳ ಪೆಟ್ಟಿಗೆ ತೆಗೆಯುತ್ತಾಳೆ, ನೋಡುತ್ತಾಳೆ.

ಎರಡು ವಾರ ಬೆಂಕಿಯ ಹತ್ತಿರ ಸುಳಿಯಬಾರದು, ಇನ್ನೊಂದು ಕಣ್ಣಿಗೆ ಮುಂದಿನ ತಿಂಗಳು ಬನ್ನಿ ಎಂದು ಹೇಳಿ ಡಾಕ್ಟರು ಕಳಿಸಿದರು. ಹದಿನೈದು ನಿಮಿಷದ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಅಕ್ಕ ಹೆಜ್ಜೆ ಹೆಜ್ಜೆಗೂ ನಿಂತಳು. ಸೈಕಲ್ ರಿಪೇರಿಯವನ ಅಂಗಡಿಯ ಮುಂದೆ ನೇತುಹಾಕಿದ್ದ ಟ್ಯೂಬುಗಳ ನಡುವೆ ಒಂದು ನೇರಳೆ ಚಿಂದಿ ಕಂಡಿತು ಎಂದು ನಿಂತಳು. ಮಹಡಿಯ ಮೇಲೆ ಒಣಹಾಕಿದ ಹಾಸಿಗೆ ಬಟ್ಟೆಯ ಬಿಳುಪು ನೋಡಲು ನಿಂತಳು. ಪೊರೆ ತೆಗೆದ ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದರೆ ಬೀದಿಗೆಲ್ಲ ತೆಳ್ಳಗಿನ ಟೀ ಚೆಲ್ಲಿದಂತೆ ಇರುತ್ತಿತ್ತು. ತೆಗೆದ ಕಣ್ಣಿನಲ್ಲಿ ನೋಡಿದರೆ ಅದೇ ಬೀದಿ ಆಗತಾನೆ ತೊಳೆದು ಇಟ್ಟ ಹಾಗೆ. ಅವಳು ಮಗುವಿನಂತೆ ಒಂದಾದಮೇಲೊಂದು ಕಣ್ಣು ಮುಚ್ಚಿ ತೆರೆದು ಮಾಡುತ್ತ, ಎರಡು ಬೀದಿಗಳಲ್ಲಿ ಒಟ್ಟಿಗೇ ನಡೆಯುತ್ತಿದ್ದಳು. ತಂಗಿ ಅವಳ ತೋಳು ಹಿಡಿದುಕೊಂಡು ಒಂದೇ ಬೀದಿಯಲ್ಲಿ, ತಲೆ ತಗ್ಗಿಸಿಕೊಂಡು ನಡೆದಳು.

ಮನೆಯ ಹಿಂದಿನ ಕೋಣೆಯಲ್ಲಿ ಗಾಜಿನ ಮಣಿ ಮಾಡುವುದು ಅಪ್ಪನ ಕಾಲದಿಂದ ಬಂದ ಕೆಲಸ. ಬರ್ನರಿನ ಜ್ವಾಲೆಯಲ್ಲಿ ಗಾಜಿನ ಕಡ್ಡಿಯ ತುದಿ ಕರಗಿ ಜೇನಿನಂತೆ ಜೋತುಬೀಳುವಾಗ, ಜೇಡಿಮಣ್ಣಿನ ಗಂಜಿ ಬಳಿದು ಒಣಗಿಸಿದ ಉಕ್ಕಿನ ತಂತಿಯ ಮೇಲೆ ಅದನ್ನು ಸುತ್ತಬೇಕು. ತಂತಿ ತಿರುಗುತ್ತಲೇ ಇರಬೇಕು. ಅರೆಗಳಿಗೆ ಮರೆತರೂ ಮಣಿ ಒಂದು ಕಡೆಗೆ ಇಳಿದುಹೋಗುತ್ತದೆ. ಮಣಿ ದುಂಡಗಾದ ಮೇಲೆ ದಾರದಷ್ಟು ತೆಳ್ಳಗೆ ಎಳೆದ ಬೇರೆ ಬಣ್ಣದ ಗಾಜನ್ನು ಬಳ್ಳಿಯ ಹಾಗೆ ಅದರ ಮೇಲೆ ಹಬ್ಬಿಸಿ, ಕರಗಿಸಿ, ಕೈಗೆ ತಾಗದಂತೆ ಸಮ ಮಾಡಬೇಕು. ಆಮೇಲೆ ಬಿಸಿ ಆರುವ ಮುಂಚೆ ಪಕ್ಕದ ಬಿಸಿ ಗೂಡಿಗೆ ಸೇರಿಸಬೇಕು. ಮರುದಿನದವರೆಗೆ ಅದು ಅಲ್ಲೇ ನಿಧಾನವಾಗಿ ಆರುತ್ತದೆ. ಹೊರಗೆ ಗಾಳಿಗೆ ಬಿಟ್ಟರೆ ಸೀಳಿಹೋಗುತ್ತದೆ. ಬೆಂಕಿಯಲ್ಲಿರುವಾಗ ಯಾವ ಮಣಿಯಾದರೂ ಕೆಂಡದ ಬಣ್ಣವೇ. ಅದರ ಸ್ವಂತ ಬಣ್ಣ ತಿಳಿಯುವುದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ.

ಬಾಗಿಲು ತೆಗೆಯುವುದು ತಂಗಿಯ ಕೆಲಸ. ತಂತಿಗೆ ಮಣ್ಣು ಬಳಿಯುವುದು, ಆರಿದ ಮಣಿಯನ್ನು ತಂತಿಯಿಂದ ಬಿಡಿಸುವುದು, ತೂತು ತೊಳೆಯುವುದು, ಪೋಣಿಸುವುದು, ಎಲ್ಲ ಅವಳದೇ. ಬರ್ನರ್ ಮಾತ್ರ ಅಕ್ಕನದು. ತಂಗಿ ಹುಟ್ಟಾ ಎಡಚಿ. ಅಪ್ಪನ ಮೇಜು ಬಲಗೈಯವರಿಗೆಂದು ಕಟ್ಟಿದ್ದು. ಕಡ್ಡಿಗಳ ಡಬ್ಬ ಬಲಕ್ಕೆ, ಗೂಡು ಬಲಕ್ಕೆ, ಬರ್ನರ್ ಕೂಡ ಸ್ವಲ್ಪ ಓರೆಯಾಗಿ ಬಲಗೈಯ ಅನುಕೂಲಕ್ಕೆ ತಿರುಗಿಸಿ ಬಿಗಿದದ್ದು. ಎಡಗೈ ಈ ಮೇಜಿಗೆ ಕೂತರೆ ಮೈ ಸುಟ್ಟುಕೊಳ್ಳುತ್ತದೆ ಎಂದು ಅಪ್ಪ ಅವಳ ಹತ್ತನೇ ವಯಸ್ಸಿನಲ್ಲಿ ಹೇಳಿದ್ದ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ಮಾತು ಮಾತ್ರ ಮನೆಯಲ್ಲೇ ಉಳಿಯಿತು. ಬೀದಿಯವರು ಅಕ್ಕನನ್ನು ಬೆಂಕಿಯಕ್ಕ ಎಂದು ಕರೆದರು. ತಂಗಿಗೆ ಯಾರೂ ಏನೂ ಹೆಸರಿಡಲಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಗೂಡು ತೆಗೆದರೆ, ತಿಳಿನೀಲಿ ಇರಬೇಕಾದ ಇಪ್ಪತ್ತು ಮಣಿಗಳಲ್ಲಿ ಏಳು ಪಾಚಿಯ ಹಸಿರಾಗಿದ್ದವು. ಅಕ್ಕ ಕೈತಪ್ಪಿ ಬೇರೆ ಕಡ್ಡಿ ಎತ್ತಿರಬೇಕು ಎಂದುಕೊಂಡಳು ತಂಗಿ. ಮಾರನೆಯ ದಿನ ಹತ್ತು. ಮೆಲ್ಲಗೆ ಕೇಳಿ ನೋಡಿದಳು. ನಲವತ್ತು ವರ್ಷದಿಂದ ನೀಲಿ ನೋಡಿದ ಕಣ್ಣು ಇದು, ನೀನು ನಿನ್ನ ಮಣ್ಣು ಕಲಸು ಎಂದು ಅಕ್ಕ ನಕ್ಕುಬಿಟ್ಟಳು. ಆ ನಗುವಿನಲ್ಲಿ ಕೊಂಕಿರಲಿಲ್ಲ, ಅದಕ್ಕೇ ತಂಗಿಗೆ ಮುಂದೆ ಬಾಯಿ ಬರಲಿಲ್ಲ. ಅವತ್ತು ಮಧ್ಯಾಹ್ನ ಅಕ್ಕ ಊಟ ಮಾಡಿ ಮಲಗಿದ ಮೇಲೆ ಅವಳು ಬೆಕ್ಕಿನ ಹೆಜ್ಜೆ ಇಟ್ಟು ಹಿಂದಿನ ಕೋಣೆಗೆ ಹೋಗಿ, ಬಾಗಿಲು ಒರಗಿಸಿ, ಬರ್ನರ್ ಹಚ್ಚಿದಳು.

ಮೊದಲ ವಾರ ಮಾಡಿದ್ದೆಲ್ಲ ಕುಂಬಳದ ಬೀಜಗಳಂತೆ ಸೊಟ್ಟ. ಆಮೇಲೆ ಕೈ ಕೂತಿತು. ಬಣ್ಣದ ಕನ್ನಡಕ ಹಾಕಿಕೊಂಡು ಜ್ವಾಲೆಯ ಮುಂದೆ ಕೂತರೆ ಮನೆ, ಬೀದಿ, ವಯಸ್ಸು ಎಲ್ಲ ದೂರ ಹೋಗುತ್ತಿದ್ದವು; ಒಂದು ಸಣ್ಣ ಸೂರ್ಯ ಅವಳ ಬೆರಳುಗಳ ನಡುವೆ ತಿರುಗುತ್ತ ಉಳಿಯುತ್ತಿತ್ತು. ಅಕ್ಕನ ಕೆಟ್ಟ ಮಣಿಗಳನ್ನು ತೆಗೆದು ಅಷ್ಟೇ ಸಂಖ್ಯೆಯ ತನ್ನವನ್ನು ಸರಕ್ಕೆ ಪೋಣಿಸುತ್ತಿದ್ದಳು. ಕಡೆಕಡೆಗೆ ಒಂದು ಸರದಲ್ಲಿ ಅಕ್ಕನದು ಒಂದೂ ಇರುತ್ತಿರಲಿಲ್ಲ. ಪೇಟೆಯ ಮಣಿ ಅಂಗಡಿಯಾಕೆ, ನಿಮ್ಮ ನೀಲಿಗೆ ಈಚೆಗೆ ಹೊಸ ಜೀವ ಬಂದಿದೆ ಎಂದು ಹೇಳಿದಾಗ ಅಕ್ಕ ಉಬ್ಬಿಹೋಗಿ, ಬಂದವರಿಗೆಲ್ಲ ಆ ಮಾತನ್ನು ಒಪ್ಪಿಸಿದಳು. ತಂಗಿ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಳು. ಅವಳಿಗೆ ಹೊಗಳಿಕೆ ಬೇಕಿರಲಿಲ್ಲ. ಮಧ್ಯಾಹ್ನದ ಆ ಎರಡು ಗಂಟೆ ಬೇಕಿತ್ತು. ಈಗ ಹೋಗುವುದು ಅದೇ.

ಮನೆಗೆ ಬಂದ ದಿನವೇ ಅಕ್ಕ ಪೆಟ್ಟಿಗೆ ಕೇಳಿದಳು. ತಂಗಿ ಕಣ್ಣಿಗೆ ಆಯಾಸವಾಗುತ್ತದೆ ಎಂದಳು. ಎರಡನೇ ದಿನ ಬೀಗದ ಕೈ ಎಲ್ಲಿಟ್ಟೆನೋ ಎಂದಳು. ಮೂರನೇ ದಿನ ಅವಳು ಸಾಮಾನು ತರಲು ಹೊರಗೆ ಹೋಗಿ ಬರುವಷ್ಟರಲ್ಲಿ ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು. ಪೆಟ್ಟಿಗೆ ತೆರೆದಿತ್ತು, ಬೀಗದ ಕೈ ಅದರಲ್ಲೇ ಇತ್ತು. ಬಿಸಿಲು ಬಿದ್ದ ಬಿಳಿ ಬಟ್ಟೆಯ ಮೇಲೆ ನೀಲಿ ಮಣಿಗಳು ಸಾಲಾಗಿದ್ದವು, ಮೇಲಿನ ಸಾಲಿನಲ್ಲಿ ಬಹಳ ಹಳೆಯವು, ಕೆಳಗಿನ ಸಾಲಿನಲ್ಲಿ ಈಚಿನವು. ಅಕ್ಕ ಪೊರೆ ಇರುವ ಕಣ್ಣನ್ನು ಕೈಯಿಂದ ಮುಚ್ಚಿಕೊಂಡಿದ್ದಳು.

ತಂಗಿ ಚೀಲ ಹಿಡಿದುಕೊಂಡೇ ನಿಂತಳು.

ಹಳೆಯ ಮಣಿಗಳ ಮೇಲಿನ ಕಡುನೀಲಿ ಗೆರೆ ಬಲಕ್ಕೆ ಸುತ್ತಿ ಏರಿತ್ತು. ಈಚಿನವುಗಳ ಮೇಲೆ ಎಡಕ್ಕೆ. ಬಲಗೈಯವರು ಎಡಗೈಯಲ್ಲಿ ತಂತಿ ತಿರುಗಿಸುತ್ತ ಬಲಗೈಯಲ್ಲಿ ಗಾಜು ಸುತ್ತುತ್ತಾರೆ. ಎಡಗೈಯವರದು ಅದರ ತದ್ವಿರುದ್ಧ. ಮಣಿಯನ್ನು ತಲೆಕೆಳಗೆ ಮಾಡಿ ನೋಡಿದರೂ ಗೆರೆ ತನ್ನ ದಿಕ್ಕು ಬಿಡುವುದಿಲ್ಲ. ಬೆರಳಿಗೆ ಅದು ಸಿಗುವುದಿಲ್ಲ, ಪೊರೆ ಬಂದ ಕಣ್ಣಿಗೂ ಸಿಗುವುದಿಲ್ಲ. ತಂಗಿ ಮೂರು ವರ್ಷದಲ್ಲಿ ಬಣ್ಣದ ಬಗ್ಗೆ, ಗಾತ್ರದ ಬಗ್ಗೆ, ಲೆಕ್ಕದ ಬಗ್ಗೆ ಎಲ್ಲ ಯೋಚಿಸಿದ್ದಳು. ಗೆರೆಯ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಅವಳ ಕೈಗೆ ಅದೇ ನೇರ ದಾರಿಯಾಗಿತ್ತು.

"ಇವು ನಿನ್ನವು," ಅಂದಳು ಅಕ್ಕ. ಆಮೇಲೆ ಕೇಳಿದಳು, "ನನ್ನವು ಎಲ್ಲಿ?"

ಬೈದಿದ್ದರೆ ತಂಗಿ ತಡೆದುಕೊಳ್ಳುತ್ತಿದ್ದಳು. ಈ ಪ್ರಶ್ನೆಗೆ ಅವಳ ಕಣ್ಣು ತುಂಬಿತು. ಅವಳು ಹೋಗಿ ಮೆಟ್ಟಿಲ ಕೆಳಗಿನ ಸಂದಿಯಿಂದ ಬಿಸ್ಕತ್ತಿನ ತಗಡಿನ ಡಬ್ಬ ಎಳೆದು ತಂದಳು. ಎಸೆಯಲು ಮನಸ್ಸು ಬಂದಿರಲಿಲ್ಲ. ಅಕ್ಕ ಡಬ್ಬವನ್ನು ಬಟ್ಟೆಯ ಮೇಲೆ ಸುರಿದಳು. ಪಾಚಿ ಹಸಿರು, ಕೆಸರಿನ ಹಸಿರು, ಎಲ್ಲೋ ಒಂದೆರಡು ಬೂದು. ಮೂರು ವರ್ಷದ ಬೆಳಗುಗಳು. ಅವಳು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಪೊರೆ ತೆಗೆದ ಕಣ್ಣಲ್ಲಿ ನೋಡಿದಳು, ಇನ್ನೊಂದರಲ್ಲಿ ನೋಡಿದಳು.

"ಈ ಕಣ್ಣಿಗೆ ಇದು ಈಗಲೂ ನೀಲಿನೇ ಕಣೇ," ಅಂದಳು.

ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಹೇಳಿದ್ದರೆ ನೀನು ಬರ್ನರ್ ಮುಟ್ಟುವುದನ್ನೇ ಬಿಡುತ್ತಿದ್ದೆ, ಅದಕ್ಕೇ ಎಂದಳು ತಂಗಿ. ಅದು ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧ ನಾಲಿಗೆಯ ತುದಿಯಲ್ಲಿ ಉರಿಯುತ್ತಿತ್ತು. ಈಗ ಹೇಳದಿದ್ದರೆ ಇನ್ನೊಂದು ಡಬ್ಬ ಮುಚ್ಚಿಟ್ಟ ಹಾಗೆ.

"ಮೊದಮೊದಲು ನಿನಗೋಸ್ಕರ ಮಾಡ್ದೆ. ಆಮೇಲೆ ನನಗೋಸ್ಕರ. ನೀನು ಯಾವಾಗ ಮಲಗ್ತೀಯೋ ಅಂತ ಕಾಯ್ತಿದ್ದೆ ಅಕ್ಕ."

ಅಕ್ಕ ಹಸಿರು ಮಣಿಗಳನ್ನು ಡಬ್ಬಕ್ಕೆ ತುಂಬಿ, ಅದನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ಅಲ್ಲಿಂದ ಮನೆಯಲ್ಲಿ ಮಾತು ಅಳತೆಗೆ ಬಂತು. ಕಣ್ಣಿಗೆ ಹನಿ ಹಾಕುವಾಗ ತಂಗಿ ಅಕ್ಕನ ಗಲ್ಲ ಹಿಡಿಯುತ್ತಿದ್ದಳು, ಅಕ್ಕ ಛಾವಣಿ ನೋಡುತ್ತಿದ್ದಳು. ಊಟ ಆಯಿತಾ, ಆಯಿತು. ಮಧ್ಯಾಹ್ನ ಅಕ್ಕ ಮಲಗುವುದನ್ನು ಬಿಟ್ಟಳು. ಹಿಂದಿನ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಆ ಹೊತ್ತಿನಲ್ಲಿ ತಂಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಒಮ್ಮೆ ಚಮಚವೊಂದನ್ನು ಬೆರಳುಗಳ ನಡುವೆ ಹಿಡಿದು ಸುಮ್ಮನೆ ತಿರುಗಿಸುತ್ತ ನಿಂತುಬಿಟ್ಟಳು. ತಿರುಗಿ ನೋಡಿದರೆ ಬಾಗಿಲಲ್ಲಿ ಅಕ್ಕ. ಯಾವಾಗಿನಿಂದ ನೋಡುತ್ತಿದ್ದಳೋ, ನೀರು ಕುಡಿದು ಹೋದಳು.

ಹನ್ನೊಂದನೇ ದಿನ ಅಂಗಡಿಯಾಕೆಯ ಫೋನು ಬಂತು. ಎತ್ತಿದ್ದು ಅಕ್ಕ. ಆಕೆಗೆ ನೀಲಿ ಬೇಕಿತ್ತು, ಎರಡು ಸರ, ಅದೇ ಹೊಸ ನೀಲಿ. ತಂಗಿ ಅಡುಗೆಮನೆಯ ಬಾಗಿಲಿಗೆ ಬಂದಳು.

"ಮಾಡೋರನ್ನ ಕೇಳಿ ಹೇಳ್ತೀನಿ," ಎಂದು ಹೇಳಿ ಅಕ್ಕ ಫೋನು ಇಟ್ಟಳು.

ಆದರೆ ಕೇಳಲಿಲ್ಲ. ಕೇಳದೆ ಮೂರು ದಿನ ಕಳೆದಳು. ಅಕ್ಕನ ಮನಸ್ಸಿನಲ್ಲಿ ಏನು ಕುದಿಯುತ್ತಿದೆಯೋ ತಂಗಿಗೆ ತಿಳಿಯಲಿಲ್ಲ. ಅವಳು ಎಲ್ಲಕ್ಕೂ ಸಿದ್ಧಳಾದಳು. ಮತ್ತೆ ಮಣ್ಣು ಕಲಸಿಕೊಂಡು ಇರುತ್ತೇನೆ, ಅದರಲ್ಲೇನು, ಇಷ್ಟು ವರ್ಷ ಇರಲಿಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಅಳು ಬಂತು.

ಎರಡು ವಾರ ಮುಗಿದ ಮಾರನೆಯ ಬೆಳಿಗ್ಗೆ ಅಕ್ಕ ತಾನಾಗಿಯೇ ಹಿಂದಿನ ಕೋಣೆಯ ಬಾಗಿಲು ತೆಗೆದಳು. ತಂಗಿ ಎಂದಿನಂತೆ ಕುರ್ಚಿಯ ದೂಳು ಒರೆಸಿ ಅಕ್ಕನಿಗೆ ಇಟ್ಟಳು, ಮಣ್ಣು ಬಳಿದ ತಂತಿಗಳನ್ನು ಜೋಡಿಸಿದಳು. ಅಕ್ಕ ಬಂದು ಕುರ್ಚಿಯಲ್ಲಿ ಕೂರಲಿಲ್ಲ. ಪಕ್ಕದ ಗಿಡ್ಡ ಸ್ಟೂಲನ್ನು ಕಾಲಿನಿಂದ ಹತ್ತಿರ ಎಳೆದುಕೊಂಡು ಅದರ ಮೇಲೆ ಕೂತಳು.

"ಮಾಡು, ನೋಡ್ತೀನಿ," ಅಂದಳು.

ತಂಗಿ ಕೂತಳು. ಬೆಂಕಿ ಹಚ್ಚಿದಳು. ಹಿಂದೆ ಯಾರೂ ನೋಡಿರದ ಕೆಲಸ. ಅಕ್ಕನ ಕಡೆ ತಿರುಗಿ ನೋಡುವಷ್ಟರಲ್ಲಿ ಮೊದಲ ಮಣಿ ಇಳಿದುಹೋಯಿತು. ಎರಡನೆಯದಕ್ಕೆ ಉಸಿರು ಹದಕ್ಕೆ ಬಂತು. ಗಾಜು ಕೆಂಪಗೆ ಕರಗಿ ತಂತಿಗೆ ಸುತ್ತಿಕೊಂಡಿತು, ಕೋಣೆ ದೂರ ಹೋಯಿತು, ಅಕ್ಕನೂ ಸ್ವಲ್ಪ ದೂರ ಹೋದಳು. ತೆಳ್ಳಗಿನ ಕಡ್ಡಿಗಾಗಿ ತಂಗಿ ಎಡಗೈಯನ್ನು ಜ್ವಾಲೆಯ ಮುಂದಿನಿಂದ ದಾಟಿಸಿ ಬಲಗಡೆಯ ಡಬ್ಬಕ್ಕೆ ಚಾಚಿದಳು. ಗೂಡಿನ ಬಾಗಿಲು ತೆಗೆಯಲು ಮತ್ತೆ ದಾಟಿಸಿದಳು. ಬಟ್ಟೆಯ ತೋಳು ಮೇಲೆ ಸರಿದಾಗ ಮಣಿಕಟ್ಟಿನಿಂದ ಮೊಣಕೈವರೆಗೆ ಸಣ್ಣ ಸಣ್ಣ ಸುಟ್ಟ ಗೆರೆಗಳು ಕಂಡವು, ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ.

ಅಕ್ಕ ಕೈ ಚಾಚಿ ಅನಿಲದ ತಿರುಪು ಮುಚ್ಚಿದಳು. ಜ್ವಾಲೆ ಆರಿತು. ಎದ್ದು ಮೂಲೆಯ ಕಪಾಟಿನಲ್ಲಿ ತಡಕಾಡಿ ಅಪ್ಪನ ಪಾನಾ ತಂದಳು. ಬರ್ನರ್ ಆರುವವರೆಗೆ ಇಬ್ಬರೂ ಕಾದರು. ಆಮೇಲೆ ಅಕ್ಕ ಮೇಜಿನ ಅಂಚಿಗೆ ಬಗ್ಗಿ ಬರ್ನರಿನ ನಟ್ಟಿಗೆ ಪಾನಾ ಹಾಕಿದಳು. ನಟ್ಟು ಅಲುಗಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ತಿರುಗಿಸಿದಳು. ಡಾಕ್ಟರು ಬಗ್ಗಬೇಡ ಎಂದಿದ್ದಾರೆ ಎಂದು ತಂಗಿ ಹೇಳಿದರೆ, ಹಾಗಾದರೆ ನೀನೂ ಹಿಡಿ ಎಂದಳು. ನಾಲ್ಕು ಕೈಗಳ ಕೆಳಗೆ ನಟ್ಟು ಕಿರ್ರೆಂದು ಸಡಿಲಾಯಿತು.

ಅಕ್ಕ ಬರ್ನರನ್ನು ಎತ್ತಿ ಮೇಜಿನ ಆಚೆ ಬದಿಗೆ, ಇನ್ನೊಂದು ಓರೆಗೆ ಇಟ್ಟು ನೋಡಿದಳು. ಕಡ್ಡಿಗಳ ಡಬ್ಬಗಳನ್ನು ಒಂದೊಂದಾಗಿ ಎಡಕ್ಕೆ ಸಾಗಿಸಿದಳು. ನೀಲಿ ಕಡ್ಡಿಗಳದು ಬಂದಾಗ ಮಾತ್ರ ಒಂದು ಗಳಿಗೆ ಎದೆಗೆ ಒತ್ತಿ ಹಿಡಿದು, ಆಮೇಲೆ ತಂಗಿಯ ಎಡಗೈಗೆ ಎಟುಕುವಲ್ಲಿ ಇಟ್ಟಳು.

ಬರ್ನರ್ ಇದ್ದ ಜಾಗದಲ್ಲಿ ಮೇಜಿನ ಮರ ಹೊಸದರಂತೆ ಬೆಳ್ಳಗಿತ್ತು. ತಂಗಿ ಅದರ ಮೇಲೆ ಅಂಗೈ ಇಟ್ಟಳು. ಇನ್ನೂ ಬೆಚ್ಚಗಿತ್ತು.